ಬಲಗೈಯ ಹಸಿರು ಬಳೆ

ಹಿಂದೆ, ಕೂಸುಗಳು ಹುಟ್ಟಿಬರುವ ದಾರಿಗೆ ಇನ್ನೂ ಯಾರೂ ದೀಪ ಇಟ್ಟಿರದ ಕಾಲದಲ್ಲಿ, ಒಂದೂರಿನಲ್ಲಿ ಒಬ್ಬ ಅತ್ತೆಯಿದ್ದಳು. ಅವಳ ಸೊಸೆ ಬಸುರಿ. ಹೊಟ್ಟೆಯೊಳಗಿನ ಕೂಸಿಗೆ ಕಣ್ಣಿದ್ದರೂ ಕತ್ತಲು, ಕಾಲಿದ್ದರೂ ದಾರಿ ಗೊತ್ತಿಲ್ಲ. ಅದಕ್ಕೆ ಕೇಳುತ್ತಿದ್ದುದು ಒಂದೇ ಸದ್ದು, ಹೊರಗೆ ರೊಟ್ಟಿ ಬಡಿಯುವ ಅಜ್ಜಿಯ ಕೈಬಳೆಯದು. ಆ ಸದ್ದಿನ ಎಳೆ ಹಿಡಿದುಕೊಂಡು ಕೂಸು ದಿನಕ್ಕಿಷ್ಟಿಷ್ಟು ಬಾಗಿಲ ಕಡೆಗೆ ನಡೆದು ಬರುತ್ತಿತ್ತು. ಹೀಗಿರುವಾಗ ಊರವರ ಮಾತು ಅತ್ತೆಯ ಕಿವಿಗೆ ಬಿತ್ತು. ಗಂಡನಿಲ್ಲದವಳಿಗೆ ಬಳೆ ಯಾತಕ್ಕೆ ಎಂದಿದ್ದರು. ನಾಚಿಕೊಂಡು ಅವಳು ಬಳೆ ತೆಗೆದು ಗೂಡಿನಲ್ಲಿಟ್ಟಳು. ಒಳಗೆ ಕೂಸು ನಿಂತಲ್ಲೇ ನಿಂತುಬಿಟ್ಟಿತು. ಯಾವ ಕಡೆ ಬರಲಿ ಎಂದು ಕೂಗಿ ಕೇಳಲು ಅದಕ್ಕೆ ಇನ್ನೂ ಮಾತು ಬಂದಿರಲಿಲ್ಲ.

"ಆಮ್ಯಾಲೆ ಏನಾಯ್ತಂತೀರಿ ಡಾಕ್ಟ್ರ?" ಎಂದು ಯಂಕಮ್ಮ ಎಡಗೈ ಆಡಿಸಿದಳು. ಮಣಿಕಟ್ಟಿಗೆ ಬಿಗಿದುಕೊಂಡಿದ್ದ ಹಸಿರು ಗಾಜಿನ ಬಳೆಗಳು ಅಲುಗಲಿಲ್ಲ. ಅಲುಗುವಷ್ಟು ಜಾಗವಿರಲಿಲ್ಲ.

"ಏನಾಯ್ತು?" ಎಂದ ಆದಿಲ್, ಅವಳ ಬಲಗೈಯ ಮೋಟಿನ ಮೇಲೆ ಅಂಟುಪಟ್ಟಿ ಒತ್ತುತ್ತ. ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಆ ಕೈ ಮುಗಿದಿತ್ತು.

"ತಿರುಗಿ ಹಾಕ್ಕೊಂಡಳ್ರೀ. ಕೂಸು ಹೊರಗ ಬಂತು. ಅದಕ್ಕ ನಮ್ ಪ್ರಿಯಾನ ಅಜ್ಜಿ ಹೇಳ್ಯಾಳ, ತೊಟ್ಲಾ ಕಟ್ಟೋತನಾ ಕೈಯಾಗಿನ ಬಳಿ ತೆಗೀಬಾರ್ದು ಅಂತ. ನಾ ತೆಗೀಲಿಲ್ಲ. ಕೈ ಹೋಯ್ತು, ಬಳಿ ತೆಗೀಲಿಲ್ಲ. ಈಗ ನೋಡ್ರೀ ಕೂಸು ಹ್ಯಾಂಗದ! ಗುಂಡಕಲ್ಲು!"

ಗೋಡೆಯ ಬದಿಯ ಬೆಂಚಿನಲ್ಲಿ ಮಗಳನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡಿದ್ದ ಸೊಸೆ ಪ್ರಿಯದರ್ಶಿನಿ ತಲೆ ತಗ್ಗಿಸಿದಳು. ಈ ಕಥೆಯನ್ನು ಅತ್ತೆ ಆಸ್ಪತ್ರೆಯ ನರ್ಸಿಗೆ ಹೇಳಿದ್ದಳು. ಬಸ್ಸಿನಲ್ಲಿ ಪಕ್ಕ ಕೂತವರಿಗೆ, ನೀರಿನ ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತವರಿಗೆ, ಯಾರಿಗೆಂದರೆ ಅವರಿಗೆ ಹೇಳಿದ್ದಳು. ಹೇಳಿದಾಗಲೆಲ್ಲ ಅದಕ್ಕೊಂದು ಹೊಸ ಕುಚ್ಚು ಕಟ್ಟುತ್ತಿದ್ದಳು. ಪ್ರಿಯಾಳ ಅಜ್ಜಿ ಮಾತ್ರ ಆ ಕಥೆಯನ್ನು ಯಾವತ್ತೂ ಹೇಳಿರಲಿಲ್ಲ.

"ಕಥೆ ಜಬರ್ದಸ್ತ್ ಇದೆ ಅಮ್ಮಾ," ಎಂದು ಆದಿಲ್ ಪುಟ್ಟ ಪೆಟ್ಟಿಗೆಯ ಗುಂಡಿ ತಿರುಗಿಸಿದ. ಅದರಿಂದ ಹೊರಟ ಎರಡು ತಂತಿಗಳು ಅಂಟುಪಟ್ಟಿಗೆ ಸೇರಿದ್ದವು. "ಈಗ ಕರೆಂಟ್ ಹೇಗನ್ನಿಸ್ತಿದೆ ಹೇಳಿ."

"ಇರುವಿ ಹರದಂಗ ಆಗ್ಲತ್ತದ."

"ಇನ್ನೂ ಸ್ವಲ್ಪ ಜಾಸ್ತಿ ಮಾಡ್ಲಾ?"

"ಮಾಡ್ರೀ. ಇರುವಿ ಹೋಗಿ ಚೇಳೇ ಬರ್ಲಿ. ಆ ಬ್ಯಾನಿ ಮುಂದ ಚೇಳೇನು ದೊಡ್ದು!"

ಆದಿಲ್ ನಕ್ಕ. ಶಿವಾಜಿನಗರದ ಆ ಓಣಿಯಲ್ಲಿ ಎಲ್ಲರೂ ಅವನನ್ನು ಸೂಜಿ ಡಾಕ್ಟರ್ ಎನ್ನುತ್ತಿದ್ದರು. ಫಿಜಿಯೋಥೆರಪಿ ಓದಿ, ಆಮೇಲೆ ಅಕ್ಯುಪಂಕ್ಚರ್ ಕಲಿತು, ಹಳೆ ಮೋಟಾರು ಭಾಗ ಮಾರುವ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಒಂದು ಟ್ರಸ್ಟಿನವರ ಕ್ಲಿನಿಕ್ಕು ನಡೆಸುತ್ತಿದ್ದ. ಕೆಳಗೆ ದಿನವಿಡೀ ಯಾರೋ ಕಾರಿನ ಬಾಗಿಲು ಬಡಿಯುತ್ತಿದ್ದರು. ಮೇಲೆ ಮಂಚದ ಮೇಲೆ ಜನ ಮೈಗೆ ಸೂಜಿ ಚುಚ್ಚಿಸಿಕೊಂಡು ಮುಳ್ಳುಹಂದಿಗಳ ಹಾಗೆ ಮಲಗಿರುತ್ತಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಬರೆದು ಬರೆದು ಸಾಕಾದ ಡಾಕ್ಟರು, ಒಂದು ಸಲ ಅಲ್ಲಿ ತೋರಿಸಿ ನೋಡಿ ಎಂದು ಕಳಿಸಿದ್ದರು.

"ಈಗ ಆ ಕೈಯಲ್ಲಿ ಎಲ್ಲಿ ನೋವು? ಸರಿಯಾಗಿ ಹೇಳಿ."

ಯಂಕಮ್ಮ ಮೋಟಿನಾಚೆ, ಮಂಚದ ಬಿಳಿ ಹಾಸಿಗೆಯ ಮೇಲೆ ಏನೂ ಇಲ್ಲದ ಒಂದು ಕಡೆ ಬೆರಳು ತೋರಿಸಿದಳು. "ಮ್ಯಾಲಿಂದೆಲ್ಲಾ ಈಗ ತಣ್ಣಗ ಅದ. ಇಲ್ಲಿ, ಈ ಮಣಿಕಟ್ಟಿನ್ಯಾಗ. ಬಳಿ ಕಚ್ಚಲತ್ತಾವ. ಕೈ ಬಾತದ, ಬಳಿ ಸಣ್ಣ ಅವ. ಮುಷ್ಟಿ ಬಿಚ್ಚಲಾಕ ಬರವಲ್ದು."

"ಕೈ ಹೋಗಿದೆ, ಆದ್ರೆ ದಿಮಾಗಿಗೆ ಆ ಖಬರ್ ತಲುಪಿಲ್ಲ," ಎಂದು ಆದಿಲ್ ಪ್ರಿಯಾಳ ಕಡೆ ತಿರುಗಿದ. "ಹೋಗೋ ಹೊತ್ತಲ್ಲಿ ಕೈ ಹೇಗಿತ್ತೋ ಹಾಗೇ ಕೂತ್ಬಿಟ್ಟಿರುತ್ತೆ ಕೆಲವರಿಗೆ. ಉಂಗುರ ಇದ್ರೆ ಉಂಗುರ, ವಾಚ್ ಇದ್ರೆ ವಾಚ್. ಇವರಿಗೆ ಬಳೆ. ಇಂಥಾದ್ದಕ್ಕೆ ನಾವು ಇರೋ ಕೈಗೆ ಸೂಜಿ ಹಾಕ್ತೀವಿ. ಆ ಕೈಯಲ್ಲಿ ಎಲ್ಲಿ ನೋವೋ, ಈ ಕೈಯಲ್ಲಿ ಅದೇ ಜಾಗಕ್ಕೆ. ಮಂತ್ರ ಅಲ್ಲ, ಮೊದ್ಲೇ ಹೇಳ್ತೀನಿ. ಕೆಲವರಿಗೆ ಕಡಿಮೆ ಆಗುತ್ತೆ, ಕೆಲವರಿಗೆ ಇಲ್ಲ." ಅವನು ಯಂಕಮ್ಮನ ಎಡ ಮಣಿಕಟ್ಟನ್ನು ಮೆಲ್ಲಗೆ ಹಿಡಿದು ತಿರುಗಿಸಿ ನೋಡಿದ. "ಜಾಗ ಈ ಬಳೆ ಕೆಳಗೇ ಇದೆ. ಮೇಲೆ ಸರಿಸೋಕೂ ಆಗ್ತಿಲ್ಲ. ತೆಗೀಬೇಕು ಅಮ್ಮಾ. ಕಟರ್ ಇದೆ, ಒಂದು ನಿಮಿಷದ ಕೆಲಸ."

ಯಂಕಮ್ಮ ಕೈ ಕಿತ್ತುಕೊಂಡಳು. ಬಿಸಿ ಹಂಚು ಮುಟ್ಟಿದವಳ ಹಾಗೆ.

"ಕಟರ್ ಗಿಟರ್ ಏನೂ ಬ್ಯಾಡ. ತೆಗ್ಯಾಕಿ ಅದಾಳ."

"ಯಾರು?"

"ಅಲ್ಲಿ ಕುಂತಾಳಲ್ಲ. ತೊಟ್ಲಾ ಕಟ್ಟಿದ ಮ್ಯಾಲೆ ನನ್ನ ಕೈಲೇ ತೆಗೀತೀನಿ ಅತ್ತಿ, ಎರಡೂ ಕೈದು, ಅಂತ ಮಾತು ಕೊಟ್ಟಾಳ. ಊರಾಗ ತೊಟ್ಲಾ ಕಟ್ಟಿ ಬಂದು ಎಸ್ಟ್ ದಿನಾ ಆಯ್ತೋ. ಆಕಿಗೆ ಹೊತ್ತೇ ಸಿಗವಲ್ದು."

ಆದಿಲ್ ಪ್ರಿಯಾಳನ್ನು ನೋಡಿದ. ಪ್ರಿಯಾ ಮಗಳ ಟೋಪಿಯ ದಾರ ಸರಿಪಡಿಸುತ್ತ, "ಮುಂದಿನ ವಾರ ತೆಗ್ದು ಕರ್ಕೊಂಡ್ ಬರ್ತೀನಿ ಸರ್," ಎಂದಳು. ದಾರ ಸರಿಯಾಗಿಯೇ ಇತ್ತು.

*

ಬಳೆ ತೊಡಿಸಿದ್ದು ಪ್ರಿಯಾಳೇ. ತನ್ನ ಸೀಮಂತದ ದಿನ, ಕೆ.ಆರ್. ಪುರದ ಹಳೆ ಊರಿನೊಳಗೆ, ಪಿಳ್ಳಮ್ಮನ ವಠಾರದ ಕೊನೆಯ ಕೋಣೆಯಲ್ಲಿ. ಗೋಡೆಯ ಮೇಲಿನ ಬುದ್ಧನ ಪಟಕ್ಕೆ ಮಲ್ಲಿಗೆ ಹಾಕಿ, ಚಾಪೆ ಹಾಸಿ, ಸಂತೆಬೀದಿಯ ಬಳೆಯಂಗಡಿಯಿಂದ ಕರೀಂ ಸಾಬರನ್ನು ಕರೆಸಿದ್ದರು. ಬಂದ ಮುತ್ತೈದೆಯರೆಲ್ಲ ಒಬ್ಬೊಬ್ಬರಾಗಿ ಕೈ ಚಾಚುತ್ತಿದ್ದಾಗ ಯಂಕಮ್ಮ ಒಲೆಯ ಹತ್ತಿರ ನಿಂತು ಗೋದಿ ಹುಗ್ಗಿ ತಿರುವುತ್ತಿದ್ದಳು. ಗಂಡ ಭಗವಂತರಾಯ ತೀರಿಕೊಂಡ ಮೇಲೆ ಅವಳ ಕೈಗಳು ಬೋಳಾಗಿದ್ದವು. ಯಾರೂ ಹಾಗಿರು ಎಂದು ಹೇಳಿರಲಿಲ್ಲ, ಹಾಗಿರಬೇಡ ಎಂದೂ ಹೇಳಿರಲಿಲ್ಲ.

ಪ್ರಿಯಾ ಎದ್ದು ಹೋಗಿ ಅವಳ ಕೈ ಹಿಡಿದೆಳೆದು ತಂದಿದ್ದಳು.

"ಇವ್ರಿಗೂನಾ?" ಎಂದು ಕರೀಂ ಸಾಬರು ಕೇಳಿದ್ದರು.

"ಮೊದ್ಲು ಇವ್ರಿಗೇ. ಆಮೇಲೆ ನನಗೆ."

"ಬ್ಯಾಡ ಪ್ರಿಯಾ, ಮಂದಿ ನಗ್ತಾರ," ಎಂದು ಯಂಕಮ್ಮ ಕೈ ಹಿಂದೆ ಎಳೆದುಕೊಂಡರೂ ಅವಳ ಕಣ್ಣು ಆ ಹಸಿರು ಗೊಂಚಲಿನ ಮೇಲೇ ಇತ್ತು. ಅದನ್ನು ಪ್ರಿಯಾ ನೋಡಿದ್ದಳು. ಸಡಿಲ ಅಳತೆಯವು ಮುಗಿದಿದ್ದವು. ಕರೀಂ ಸಾಬರು ಒಂದಳತೆ ಚಿಕ್ಕದನ್ನೇ ತೆಗೆದು, ಗೆಣ್ಣುಗಳನ್ನು ಒಂದರೊಳಗೊಂದು ಮಡಚಿದಂತೆ ಅದುಮಿ, ಒಂದೊಂದನ್ನೇ ದಾಟಿಸಿದ್ದರು. ಬಾಗಿಲಲ್ಲಿ ನಿಂತ ಪಿಳ್ಳಮ್ಮ ಸೆರಗು ಬಾಯಿಗಿಟ್ಟುಕೊಂಡಿದ್ದಳು.

ಮರುದಿನ ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಬಳಿ ಯಂಕಮ್ಮ ಕೈಗೆ ಸೋಪು ಹಚ್ಚಿಕೊಂಡು ಬಳೆ ತೆಗೆಯಲು ಒದ್ದಾಡುತ್ತಿರುವುದು ಕಂಡಿತು. ಪಿಳ್ಳಮ್ಮ ಏನೋ ಅಂದಿರಬೇಕು. ಆಗ ಪ್ರಿಯಾ ಆ ಕಥೆ ಹೇಳಿದ್ದು. ಸೇಡಂನಲ್ಲಿ ಅವಳ ಅಜ್ಜಿ ಹೇಳುತ್ತಿದ್ದ ನೂರಾರು ಕಥೆಗಳ ದನಿ ಅವಳ ನಾಲಗೆಯಲ್ಲಿ ಇದ್ದೇ ಇತ್ತು. ಆ ದನಿಗೆ ಒಬ್ಬ ಅತ್ತೆ, ಒಂದು ಕೂಸು, ಒಂದು ಕತ್ತಲು ಸಿಕ್ಕರೆ ಸಾಕಿತ್ತು. ಹಲ್ಲುಜ್ಜುವ ಬ್ರಷ್ಷು ಕೈಯಲ್ಲಿ ಹಿಡಿದು ನಿಂತ ಹಾಗೇ ಹೆಣೆದು ಮುಗಿಸಿದಳು. "ನಮ್ಮಜ್ಜಿ ಹೇಳ್ತಿದ್ಳು ಅತ್ತಿ, ಖರೇನೇ," ಎಂದಳು. ಯಂಕಮ್ಮ ಸೋಪಿನ ಕೈಯನ್ನು ನೀರಲ್ಲಿ ಅದ್ದಿ, ಸೊಸೆಯ ಹೊಟ್ಟೆಯ ಹತ್ತಿರ ತಂದು ಬಳೆ ಅಲುಗಿಸಿದ್ದಳು. "ಕೇಳ್ತಾದಾ ನಿನಗ? ಇಲ್ಲಿ ಅದೀನಿ, ಇತ್ತಾಗ ಬಾ," ಎಂದು ಒಳಗಿನ ಕೂಸಿಗೆ ಹೇಳಿದ್ದಳು.

ಅಷ್ಟು ಖುಷಿಯಾದ ಅತ್ತೆಯನ್ನು ಪ್ರಿಯಾ ಅದಕ್ಕಿಂತ ಮುಂಚೆ ನೋಡಿರಲಿಲ್ಲ.

ಯಂಕಮ್ಮ ಕೆಲಸ ಮಾಡುತ್ತಿದ್ದದ್ದು ಮಹದೇವಪುರದ ಒಂದು ದೊಡ್ಡ ಲಾಂಡ್ರಿಯಲ್ಲಿ. ಹೋಟೆಲುಗಳ ಹಾಸಿಗೆ ಬಟ್ಟೆಯನ್ನು ಬಿಸಿ ರೋಲರಿನ ಬಾಯಿಗೆ ನೇರ ಹಿಡಿದು ಕೊಡುವ ಕೆಲಸ. ಕೈಗೆ ಏನೂ ಇರಬಾರದೆಂದು ಅಲ್ಲಿ ಕಟ್ಟಪ್ಪಣೆ. ಅವಳು ಸೂಪರ್‌ವೈಸರನ ಕಣ್ಣಿಗೆ ಬೀಳದಿರಲೆಂದು ಎರಡೂ ಕೈಯ ಬಳೆಗಳ ಮೇಲೆ ಹರಿದ ಬಟ್ಟೆ ಸುತ್ತಿಕೊಂಡು, ಉಳುಕಿದೆ ಎಂದು ಸುಳ್ಳು ಹೇಳುತ್ತ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಬಲಗೈಯ ಆ ಬಟ್ಟೆಯ ತುದಿ ಬಿಚ್ಚಿಕೊಂಡು ರೋಲರಿಗೆ ಸಿಕ್ಕಿತು. ಬಟ್ಟೆಯ ಹಿಂದೆ ಕೈ ಹೋಯಿತು.

ಆಪರೇಷನ್ನಿಗೆ ಮುಂಚೆ ನರ್ಸು ಎಡಗೈಯ ಬಳೆ ಕತ್ತರಿಸಲು ಬಂದಾಗ ಯಂಕಮ್ಮ, ಆ ಸ್ಥಿತಿಯಲ್ಲೂ, ಊರೆಲ್ಲ ಕೇಳುವಂತೆ ಕಿರುಚಿದ್ದಳಂತೆ. ಕೊನೆಗೆ ಅವರು ಬಳೆಯ ಮೇಲೇ ಬ್ಯಾಂಡೇಜು ಸುತ್ತಿ ಬಿಟ್ಟಿದ್ದರು.

*

ಶಿವಾಜಿನಗರದಿಂದ ಹೊರಟ ಬಸ್ಸು ಹಲಸೂರು ಕೆರೆ ದಾಟುವಷ್ಟರಲ್ಲಿ ಯಂಕಮ್ಮ ಪಕ್ಕದ ಸೀಟಿನ ಹೆಂಗಸಿಗೆ ಕಥೆ ಶುರುಮಾಡಿದ್ದಳು. ಪ್ರಿಯಾ ಕಿಟಕಿಗೆ ಮುಖ ಕೊಟ್ಟು ಕೂತಳು. ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ನಿಂತೇಬಿಟ್ಟಿತು. ಮುಂದೆ ಲಾರಿ, ಹಿಂದೆ ಲಾರಿ. ಕಥೆ ಮುಗಿದ ಮೇಲೆ ಆ ಹೆಂಗಸು ಯಂಕಮ್ಮನ ಎಡಗೈಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ನೀವು ದೊಡ್ಡೋರು ಕಣಮ್ಮಾ," ಎಂದಳು.

ಪ್ರಿಯಾ ಮಗಳ ಟೋಪಿಯನ್ನು ಕಿವಿಯ ತನಕ ಎಳೆದಳು.

ವಠಾರದ ಬಾಗಿಲಲ್ಲಿ ಪಿಳ್ಳಮ್ಮ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. "ಏನಂದ್ರಮ್ಮಾ ಡಾಕ್ಟ್ರು? ಇಲ್ದಿರೋ ಕೈಗೆ ಸೂಜಿ ಚುಚ್ತಾರಂತಾ?"

"ಇರೋ ಕೈಗೆ ಚುಚ್ತಾರ," ಎಂದಳು ಯಂಕಮ್ಮ.

"ನಾನ್ ಅವತ್ತೇ ಏಳಿದ್ನಲ್ಲಮ್ಮೀ, ನಮ್ಮಂತೋರಿಗೆ ಅದು ಆಗ್ಬರಲ್ಲ ಅಂತ. ಏಳ್ದೋರ್ ಮಾತು ಯಾರ್ ಕೇಳ್ತಾರೆ? ಓದಿರೋ ಸೊಸೆ!" ಪಿಳ್ಳಮ್ಮನ ಕೈಗಳೂ ಬೋಳಾಗಿದ್ದವು.

"ಆಗಿಬರ್ಲಿಲ್ಲ ಅಂದ್ರ ಇದು ಹ್ಯಾಂಗ್ ಬಂತು?" ಯಂಕಮ್ಮ ಮೊಮ್ಮಗಳ ಕಾಲನ್ನು ಹಿಡಿದು ಅಲ್ಲಾಡಿಸಿದಳು. "ಕೈ ಹೋದ್ರ ಹೋಗ್ಲೇಳು. ಇನ್ನೊಂದು ಅದ. ನಿಮಗ ಎರಡು ಅವ, ಮಂದಿಗಿ ಬೆಟ್ಟು ತೋರ್ಸಲಾಕೇ ಸಾಲವಲ್ವು!"

ಪಿಳ್ಳಮ್ಮ ಹುಣಸೆಬೀಜ ಉಗಿದು ನಕ್ಕುಬಿಟ್ಟಳು. ಯಂಕಮ್ಮನೂ ನಕ್ಕಳು. ಪ್ರಿಯಾ ನಗಲಾರದೆ ಒಳಗೆ ಹೋದಳು.

ಭಾನುವಾರ ಗಂಡ ಬಸು ಮನೆಯಲ್ಲಿದ್ದ. ಬೀದಿಯಲ್ಲಿ ತನ್ನ ಕ್ಯಾಬು ತೊಳೆಯುತ್ತಿದ್ದ. ಬಕೆಟು ತಂದುಕೊಡುವ ನೆಪದಲ್ಲಿ ಪ್ರಿಯಾ ಅವನ ಪಕ್ಕ ನಿಂತಳು.

"ನಾ ಅತ್ತಿಗಿ ಖರೇ ಹೇಳ್ತೀನಿ," ಎಂದಳು.

ಬಸುವಿಗೆ ಗೊತ್ತಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅವಳು ಅವನೊಬ್ಬನಿಗೆ ಹೇಳಿದ್ದಳು. ಅವನು ಗಾಜಿನ ಮೇಲೆ ಒದ್ದೆ ಬಟ್ಟೆ ಆಡಿಸುತ್ತಲೇ ಇದ್ದ.

"ಏನಂತ ಹೇಳ್ತಿ?"

"ಆ ಕಥಿ ನಾ ಕಟ್ಟಿದ್ದು ಅಂತ. ಬಳಿ ತೆಗದಿದ್ರೂ ಕೂಸಿಗೇನೂ ಆಗ್ತಿರ್ಲಿಲ್ಲ ಅಂತ."

"ಅಂದ್ರ ನಿನ್ನ ಕೈ ಸುಮ್ಸುಮ್ನ ಹೋಯ್ತು ಅಂತ ಆಕಿಗೆ ಹೇಳ್ತಿ."

ಪ್ರಿಯಾ ಬಕೆಟನ್ನು ಅವನ ಕಾಲ ಬಳಿ ಇಟ್ಟಳು.

"ಆಕಿ ಕೂಸಿನ ಸಲುವಾಗಿ ಕೈ ಕೊಟ್ಟೀನಿ ಅಂತ ತಿಳ್ಕೊಂಡಾಳ," ಎಂದ ಬಸು, ಬಟ್ಟೆಯನ್ನು ಬಕೆಟಿಗೆ ಎಸೆದು. "ಅದನ್ನೂ ಕಸ್ಕೋತಿಯಾ? ನಿನಗ ಹಗುರ ಆಗ್ತದ ಪ್ರಿಯಾ, ಖರೇ. ಆಕಿಗೆ ಏನಾಗ್ತದ?" ಆಮೇಲೆ ದನಿ ಇಳಿಸಿದ. "ಹೇಳಬ್ಯಾಡ. ಕೊಟ್ಟ ಮಾತರ ನಡಸು. ಯಾಕ ತೆಗೀವಲ್ಲಿ ಆ ಬಳಿ?"

ಯಾಕೆಂದು ಅವಳು ಹೇಗೆ ಹೇಳಲಿ? ತೊಟ್ಟಿಲು ಕಟ್ಟಿ ಊರಿಂದ ಬಂದ ದಿನ ಮಂಗಳವಾರವಿತ್ತು. ಆಮೇಲೆ ಅಮಾವಾಸ್ಯೆ ಬಂತು. ಆಮೇಲೆ ಕೂಸಿಗೆ ಜ್ವರ, ನಲ್ಲಿಯಲ್ಲಿ ನೀರಿಲ್ಲ, ಕೊಬ್ಬರಿ ಎಣ್ಣೆ ಮುಗಿದಿದೆ. ಎರಡೂ ಕೈದು ತೆಗೀತೀನಿ ಎಂದು ಮಾತು ಕೊಟ್ಟಿದ್ದಳು. ಎಡಗೈಯದು ತೆಗೆದು ಮುಗಿಸಿದ ಮೇಲೆ ಅತ್ತೆ ಅಭ್ಯಾಸಬಲದಿಂದ ಇನ್ನೊಂದನ್ನು ಮುಂದೆ ಚಾಚುತ್ತಾಳೆ. ಆ ಗಳಿಗೆಯನ್ನು ಪ್ರಿಯಾ ಎಷ್ಟು ಸಲ ಕಣ್ಣ ಮುಂದೆ ತಂದುಕೊಂಡಿದ್ದಳೆಂದರೆ, ಅದು ಆಗಲೇ ನಡೆದುಹೋದ ಹಾಗೆ ಅವಳಿಗೆ ಮೈಬೆವರುತ್ತಿತ್ತು.

ಎರಡು ದಿನದ ಮೇಲೆ, ಮಧ್ಯಾಹ್ನ, ಕೂಸನ್ನು ಮಲಗಿಸಿ ಹೊರಗೆ ಬಂದಾಗ ವಠಾರ ಸುಮ್ಮನಿತ್ತು. ರೈಲೊಂದು ಸ್ಟೇಷನ್ನಿನ ಕಡೆ ಕೂಗಿ ಹೋಯಿತು. ಒಗೆಯುವ ಕಲ್ಲಿನ ಬಳಿ ಯಂಕಮ್ಮ ಬಕೆಟಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಬಕೆಟಿನ ತುಂಬ ಸೋಪಿನ ನೊರೆ. ಮೋಟುಗೈಯನ್ನು ನೊರೆಯ ಮೇಲೆ, ನೀರಿಗೆ ತಾಕದಂತೆ, ಎತ್ತಿ ಹಿಡಿದಿದ್ದಳು. ಕೈ ಇದ್ದಿದ್ದರೆ ಅದು ಮಣಿಕಟ್ಟಿನ ತನಕ ನೀರಿನಲ್ಲಿ ಮುಳುಗಿರುತ್ತಿತ್ತು. ಎಡಗೈ ನೊರೆಯೊಳಗೆ ಏನನ್ನೋ ಹುಡುಕಾಡುತ್ತಿತ್ತು. ಹಿಡಿಯುತ್ತಿತ್ತು, ಬಿಡುತ್ತಿತ್ತು. ಅವಳ ಹಲ್ಲುಗಳು ಕಚ್ಚಿಕೊಂಡಿದ್ದವು. ಮುಖವೆಲ್ಲ ಬೆವರು.

"ಅತ್ತಿ!"

ಯಂಕಮ್ಮ ಬೆಚ್ಚಿ ತಿರುಗಿದಳು. ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಮೋಟನ್ನು ಸೆರಗಿನೊಳಗೆ ಎಳೆದುಕೊಂಡಳು.

"ನನಗ ಸಿಗವಲ್ದು ಪ್ರಿಯಾ," ಎಂದಳು. "ನಾನೇ ತಕ್ಕೊಳ್ಳೂಣು ಅಂದೆ. ನಿನಗ್ಯಾಕ ತ್ರಾಸ ಅಂತ. ಎಷ್ಟ್ ನೆನಸಿದ್ರೂ ಕೈಗೆ ಸಿಗವಲ್ದು."

ಪ್ರಿಯಾ ಅವಳ ಮುಂದೆ ಕೂತು, ಒದ್ದೆ ಎಡಗೈಯನ್ನು ತನ್ನ ಸೆರಗಿನಿಂದ ಒರೆಸಿದಳು. ಬೆರಳ ಸಂದಿಗಳನ್ನೂ ಬಿಡದೆ ಒರೆಸಿದಳು. ಬಳೆಗಳ ಅಂಚಿನಲ್ಲಿ ಚರ್ಮ ಕೆಂಪಾಗಿತ್ತು. ಎಲ್ಲವನ್ನೂ ಹೇಳಿಬಿಡಲೆಂದು ತಲೆ ಎತ್ತಿದಳು. ಯಂಕಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. ಆ ಕಣ್ಣುಗಳಲ್ಲಿ ಏನೂ ಕೇಳುವಂಥದ್ದಿರಲಿಲ್ಲ. ನೋವು ಮಾತ್ರ ಇತ್ತು.

"ನಾ ತೆಗೀತೀನಿ ಅತ್ತಿ," ಎಂದಳು ಪ್ರಿಯಾ. "ಡಾಕ್ಟ್ರ ಮುಂದೇ ತೆಗೀತೀನಿ. ಎರಡೂ."

*

ಗುರುವಾರ ಕ್ಲಿನಿಕ್ಕಿನಲ್ಲಿ ಕೂಸು ನೆಲದ ಚಾಪೆಯ ಮೇಲೆ ಕೂತು ಹಳೆಯ ಅಂಟುಪಟ್ಟಿಯೊಂದನ್ನು ಅಂಗೈಗೆ ಹಚ್ಚಿಕೊಂಡು, ಅದು ಬಿಡದೆ ಗಾಬರಿಯಾಗಿ, ಮತ್ತೆ ಅದೇ ಆಟ ಮಾಡಿಕೊಂಡಿತ್ತು. ಆದಿಲ್ ಮೋಟಿಗೆ ತಂತಿ ಜೋಡಿಸಿ ಪೆಟ್ಟಿಗೆ ಚಾಲೂ ಮಾಡಿದ. ಸ್ಟೀಲ್ ತಟ್ಟೆಯಲ್ಲಿ ಕೂದಲೆಳೆಯಂಥ ಸೂಜಿಗಳನ್ನು ಸಿದ್ಧವಿಟ್ಟ. ಯಂಕಮ್ಮನ ಎಡಗೈ ನೋಡಿ ಹುಬ್ಬೇರಿಸಿದ.

"ಬಳೆ ಹಾಗೇ ಇದೆಯಲ್ಲಾ?"

"ಇಲ್ಲೇ ತೆಗೀತೀನಿ ಸರ್. ಸ್ವಲ್ಪ ಜಾಗ ಕೊಡಿ."

ಅವಳು ಕೂಸಿನ ಬ್ಯಾಗಿನಿಂದ ಎಣ್ಣೆ ಶೀಶೆ ತೆಗೆದಳು. ಅಂಗೈಯಲ್ಲಿ ಸುರಿದುಕೊಂಡು ಯಂಕಮ್ಮನ ಎಡಗೈಗೆ, ಮಣಿಕಟ್ಟಿಗೆ, ಬೆರಳ ಬುಡಗಳಿಗೆ ಸವರಿದಳು. ಕರೀಂ ಸಾಬರು ಮಾಡಿದ್ದನ್ನು ನೆನಪಿಸಿಕೊಂಡು ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಚಿ, ಗೆಣ್ಣುಗಳನ್ನು ಒಟ್ಟುಗೂಡಿಸಿ ಅದುಮಿದಳು. ಮೊದಲ ಬಳೆ ಗೆಣ್ಣಿನ ಗುಡ್ಡೆಯ ಮೇಲೆ ಹತ್ತಿ ನಿಂತುಬಿಟ್ಟಿತು.

"ಅಯ್ಯಯ್ಯ! ಕೈ ಅದೋ, ಹಿಂಡಿ ಹಾಕೋ ಬಟ್ಟಿನೋ?" ಎಂದಳು ಯಂಕಮ್ಮ. "ಕರೀಂ ಸಾಬನ ಹತ್ರ ಹೋಗಿ ಕಲಕೊಂಡ್ ಬರ್ಬೇಕಾಗಿತ್ತು ನೀ."

"ಸುಮ್ನಿರಿ ಅತ್ತಿ. ಕೈ ಸಡಿಲ ಬಿಡ್ರಿ."

"ನೀ ಮೊದ್ಲು ಸಡಿಲ ಬಿಡು."

ಬಳೆ ಜಾರಿ ಬಂತು. ಪ್ರಿಯಾ ಅದನ್ನು ಆದಿಲ್ ಚಾಚಿದ ಇನ್ನೊಂದು ತಟ್ಟೆಯಲ್ಲಿಟ್ಟಳು. ಗಾಜು ಸ್ಟೀಲಿಗೆ ತಾಗಿ ಸಣ್ಣಗೆ ಸದ್ದಾಯಿತು. ಎರಡನೆಯದು, ಮೂರನೆಯದು. ಆಮೇಲಿನವು ದಾರಿ ಕಂಡುಕೊಂಡವರ ಹಾಗೆ ಬಂದವು. ಬಳೆ ಕೂತಿದ್ದ ಜಾಗದಲ್ಲಿ ಚರ್ಮ ಬಿಳಿಚಿ, ಪಟ್ಟೆ ಪಟ್ಟೆಯಾಗಿ ತಗ್ಗಾಗಿತ್ತು. ಯಂಕಮ್ಮ ಕೈಯನ್ನು ಎತ್ತಿ, ತಿರುಗಿಸಿ, ಯಾರದೋ ಕೈ ನೋಡುವ ಹಾಗೆ ನೋಡಿದಳು.

"ಬೆಸ್ಟ್," ಎಂದು ಆದಿಲ್ ಎಣ್ಣೆ ಒರೆಸಲು ಹತ್ತಿ ಹಿಡಿದು ಮುಂದೆ ಬಂದ.

"ತಡೀರಿ ಡಾಕ್ಟ್ರ. ಇನ್ನೊಂದು ಕೈ ಅದ."

ಅವಳು ಬಲಗೈ ಚಾಚಿದಳು. ತಂತಿಗಳು ಅದರ ಜೊತೆಗೆ ಎದ್ದು ಬಂದವು. ಪ್ರಿಯಾ ಆದಿಲ್‌ನ ಮುಖ ನೋಡಿದಳು. ಅವನು ಹತ್ತಿಯನ್ನು ಕೈಯಲ್ಲೇ ಹಿಡಿದುಕೊಂಡು, ಪೆಟ್ಟಿಗೆಯ ಗುಂಡಿಯನ್ನೊಮ್ಮೆ ನೋಡಿ, "ಮಷಿನ್ ಓಡ್ತಾ ಇರ್ಲಿ," ಎಂದಷ್ಟೇ ಹೇಳಿ ಒಂದು ಹೆಜ್ಜೆ ಹಿಂದೆ ಸರಿದ. ಕೆಳಗಿನ ಅಂಗಡಿಯಲ್ಲಿ ತಗಡು ಬಡಿಯುವ ಸದ್ದು ನಡೆದೇ ಇತ್ತು.

ಪ್ರಿಯಾ ಮತ್ತೆ ಅಂಗೈಗೆ ಎಣ್ಣೆ ಸುರಿದುಕೊಂಡಳು. ಇಲ್ಲದ್ದನ್ನು ಇದೆ ಎಂದು ಹೇಳುವುದು ಅವಳಿಗೆ ಬಾಯಿಪಾಠವಾಗಿತ್ತು. ಅದನ್ನು ಮುಟ್ಟಬೇಕಾಗಿ ಬಂದಿದ್ದು ಇದೇ ಮೊದಲು. ಮೋಟಿನಾಚೆಯ ಗಾಳಿಗೆ ಕೈ ಒಯ್ದಳು.

"ಅಲ್ಲಲ್ಲ. ಇನ್ನೂ ಕೆಳಗ," ಎಂದಳು ಯಂಕಮ್ಮ. ಅವಳ ದನಿಯಲ್ಲಿ ಕುಚೋದ್ಯವಿರಲಿಲ್ಲ. "ಹಾಂ, ಅಲ್ಲಿ. ಮುಷ್ಟಿ ಮುಚ್ಚೇದ ನೋಡು. ಮೊದ್ಲು ಬೆಟ್ಟು ಬಿಡಸು."

ಪ್ರಿಯಾ ಬಿಡಿಸಿದಳು. ತೋರುಬೆರಳು, ನಡುಬೆರಳು. ನಿದ್ದೆಹೋದ ಕೂಸಿನ ಮುಷ್ಟಿ ಬಿಡಿಸುವ ಹಾಗೆ, ಒಂದೊಂದನ್ನೇ.

"ಕಿರುಬೆಟ್ಟು ಒಳಗ ಸಿಕ್ಕೊಂಡದ. ಮೆಲ್ಲಕ."

"ಬಂತಾ?"

"ಬಂತು. ಎಣ್ಣಿ ಹಚ್ಚು."

ಹಚ್ಚಿದಳು. ಎಣ್ಣೆ ಅವಳ ಅಂಗೈಯಿಂದ ಹನಿಹನಿಯಾಗಿ ಹಾಸಿಗೆಯ ಮೇಲೆ ಬಿದ್ದು ಬಿಳಿ ಬಟ್ಟೆಯಲ್ಲಿ ಹರಡಿತು. ಹೆಬ್ಬೆರಳು ಮಡಚಿದಳು. ಗೆಣ್ಣು ಒಟ್ಟುಗೂಡಿಸಿದಳು. ಎಡಗೈಗೆ ಮಾಡಿದಷ್ಟೇ ಬಲ ಹಾಕಿದಳು. ಅವಳ ತೋಳಿನ ನರ ಉಬ್ಬಿತು.

"ನೋಯ್ತದಾ ಅತ್ತಿ?"

"ನೋಯ್ತದ. ನಿಂದರಬ್ಯಾಡ. ತೆಗಿ."

ಯಂಕಮ್ಮ ಕಣ್ಣು ಮುಚ್ಚಿದ್ದಳು. ಒಂದೊಂದು ಸಲವೂ ಅವಳ ಹುಬ್ಬು ಗಂಟಿಕ್ಕುತ್ತಿತ್ತು, ಉಸಿರು ನಿಲ್ಲುತ್ತಿತ್ತು, ಆಮೇಲೆ ಬಿಡುತ್ತಿತ್ತು. ಬಿಟ್ಟಾಗ "ಬಂತು" ಎನ್ನುತ್ತಿದ್ದಳು. ಪ್ರಿಯಾ ಬಂದದ್ದನ್ನು ತನ್ನ ಎಡ ಅಂಗೈಯಲ್ಲಿ ಕೂಡಿಟ್ಟುಕೊಳ್ಳುತ್ತಿದ್ದಳು. ಬೀಳದಂತೆ ಬೆರಳು ಮಡಚಿಕೊಂಡಿದ್ದಳು. ಅವಳ ಕೆನ್ನೆಯ ಮೇಲಿಂದ ನೀರು ಇಳಿದು ಗದ್ದದಲ್ಲಿ ನಿಂತಿತ್ತು. ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.

"ಇನ್ನೂ ಅದಾವಾ?"

"ಒಂದದ. ಕಡೀದು. ಅದೇ ಕಚ್ಚಿದ್ದು."

ಆ ಕೊನೆಯದು ಬಹಳ ಹೊತ್ತು ಹಿಡಿಯಿತು. ಯಂಕಮ್ಮನ ಎಡಗೈ ಎದ್ದು ಬಂದು ಸೊಸೆಯ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಆದ ಸಂಕಟಕ್ಕೆ ಅವಳ ಕಾಲ್ಬೆರಳುಗಳು ಮಡಚಿಕೊಂಡವು. ಪ್ರಿಯಾ ಎಳೆಯಲಿಲ್ಲ. ಅಲ್ಲೇ ಆಚೀಚೆ ತಿರುಗಿಸಿದಳು, ಇನ್ನಷ್ಟು ಎಣ್ಣೆ ಬಿಟ್ಟಳು, ಗೆಣ್ಣಿನ ಮೇಲೆ ಹತ್ತಿಸಿ, ಕಾದು, ಇಳಿಸಿದಳು.

ಭುಜದ ಮೇಲಿನ ಹಿಡಿತ ಸಡಿಲಾಯಿತು.

ಯಂಕಮ್ಮ ಕಣ್ಣು ತೆರೆದು, ತಂತಿ ತೂಗುತ್ತಿದ್ದ ತನ್ನ ಮೋಟನ್ನು ನೋಡಿದಳು. ಆಮೇಲೆ ಪ್ರಿಯಾಳ ಮುಚ್ಚಿದ ಮುಷ್ಟಿಯನ್ನು ನೋಡಿದಳು. ಪ್ರಿಯಾ ಸ್ಟೀಲ್ ತಟ್ಟೆಯ ಕಡೆ ಕೈ ಚಾಚಿ, ಚಾಚಿದವಳು ಹಾಗೇ ನಿಂತಳು.

"ಅಲ್ಲಿ ಬ್ಯಾಡ," ಎಂದಳು ಯಂಕಮ್ಮ. "ಇಲ್ಲಿ ಹಾಕು."

ಅವಳು ಎಡಗೈಯಿಂದ ಸೆರಗು ಎಳೆದು ತೊಡೆಯ ಮೇಲೆ ಹರಡಿದಳು. ಪ್ರಿಯಾ ಮುಷ್ಟಿಯನ್ನು ಅದರ ಮೇಲೆ ತಂದು, ಬೆರಳು ಬಿಚ್ಚಿ, ಅಂಗೈ ಕೆಳಮುಖ ಮಾಡಿದಳು. ಯಂಕಮ್ಮ ಸೆರಗಿನ ಒಂದು ತುದಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದು, ಇನ್ನೊಂದು ತುದಿಯನ್ನು ಸುತ್ತಿ ತಂದು ಗಂಟು ಹಾಕಿದಳು. ಬಿಚ್ಚಿಕೊಳ್ಳದಷ್ಟು ಬಿಗಿಯಾಯಿತೇ ಎಂದು ಒಮ್ಮೆ ಜಗ್ಗಿ ನೋಡಿ, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.